ಯಾವ ಗಂಗಮ್ಮ?

ನಮ್ಮ ಅಜ್ಜಿಯ ಬದುಕನ್ನು ಬರೆಯಲು ಹೊರಟವರು ಯಾರೂ ಬುದ್ಧಿ ನೆಟ್ಟಗಿಟ್ಟುಕೊಂಡು ವಾಪಸು ಬಂದಿಲ್ಲ. ಹೊರಟವಳು ಇದುವರೆಗೆ ನಾನೊಬ್ಬಳೇ, ಆ ಮಾತು ಬೇರೆ. ಆದರೆ ನನ್ನ ಸ್ಥಿತಿ ನೋಡಿದ ಮೇಲೆ ಇನ್ನೊಬ್ಬರು ಹೊರಡುವ ಸಂಭವ ಕಡಿಮೆ!

ಅಜ್ಜಿ ಎಂದರೆ ನಮ್ಮಮ್ಮನ ತಾಯಿ. ರಾಯಲ್ಪಾಡಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಮಾವಿನ ತೋಪಿಗೆ ಮದುವೆಯಾಗಿ ಬಂದವಳು. ಊರಿಗಲ್ಲ, ತೋಪಿಗೇ. ಕಾವಲಿಗೆ ಅನುಕೂಲ ಎಂದು ತಾತ ಅಲ್ಲಿಯೇ ಒಂದು ಮಣ್ಣಿನ ಮನೆ ಕಟ್ಟಿಕೊಂಡಿದ್ದ. ಅಮ್ಮ ನಡೆಯಲು ಕಲಿಯುವ ಮೊದಲೇ ತಾತ ತೀರಿಕೊಂಡ. ತೋಪು ಮಾರಿ ತವರಿಗೆ ಹೋಗು ಎಂದು ಎಲ್ಲರೂ ಹೇಳಿದರು. ಅಜ್ಜಿ ಎಲ್ಲರಿಗೂ ಹೂಂ ಎಂದಳು. ಆಮೇಲೆ ಮಗಳನ್ನು ಕೋಲಾರದ ತನ್ನ ಅಕ್ಕನ ಮನೆಯಲ್ಲಿ ಬಿಟ್ಟು, ತಾನು ಮಾತ್ರ ವಾಪಸು ಹೋಗಿ ಒಬ್ಬಳೇ ತೋಪಿನಲ್ಲಿ ಉಳಿದಳು. ಸೊಂಟ ಕೈಕೊಟ್ಟ ಮೇಲೆಯೇ, ಅಂದರೆ ಮೊನ್ನೆ ಮೊನ್ನೆ, ಕೋಲಾರದ ನಮ್ಮ ಮನೆಗೆ ಬಂದು ಸೇರಿದ್ದು.

ನಮಗೆ ಆ ತೋಪು ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಅಲ್ಲಿ ಹಾವು ಜಾಸ್ತಿ ಎಂದು ಅಮ್ಮ ನಮ್ಮನ್ನು ರಜೆಗೆ ಕಳಿಸುತ್ತಿರಲಿಲ್ಲ. ಅಜ್ಜಿಯೇ ಬೇಸಿಗೆಯಲ್ಲಿ ಹಣ್ಣಿನ ಬುಟ್ಟಿಯೊಂದಿಗೆ ಬಸ್ಸಿಳಿಯುತ್ತಿದ್ದಳು, ಹಣ್ಣು ಮುಗಿಯುವ ಮೊದಲೇ ಹತ್ತಿ ಹೋಗುತ್ತಿದ್ದಳು. ಹೀಗಾಗಿ ತೋಪು ನಮಗೆ ಕೇಳಿದ ಕಥೆ, ಅಜ್ಜಿ ಅದನ್ನು ಹೇಳುವವಳು, ಅಷ್ಟೆ.

ಹೇಳುವುದಾದರೂ ಹೇಗೆ! ಅವಳು ದೇವರ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾಳೆ, ಕೆಲಸದವರ ಹತ್ತಿರ ತೆಲುಗಿನಲ್ಲಿ. ಮೊಬೈಲಿನ ಹತ್ತಿರ ಎರಡರಲ್ಲೂ ಮಾತಾಡುತ್ತಾಳೆ, ಅದಕ್ಕೆ ಯಾವುದು ಅರ್ಥವಾಗುತ್ತದೋ ಯಾರಿಗೆ ಗೊತ್ತು. ಕಥೆ ಕನ್ನಡದಲ್ಲಿ ಶುರುವಾಗಿ, ರೋಚಕ ಭಾಗ ಬಂದಾಗ ಬೇಲಿ ಹಾರಿ ತೆಲುಗಿಗೆ ಹೋಗಿ, ಊಟದ ಹೊತ್ತಿಗೆ ಸರಿಯಾಗಿ ವಾಪಸು ಬರುತ್ತದೆ.

ನಾನು ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವಳು. ಒಂದು ತಿರುಪು ಕೂದಲೆಳೆಯಷ್ಟು ಹೆಚ್ಚು ದಪ್ಪಗಿದ್ದರೂ ಎತ್ತಿ ಆಚೆ ಹಾಕುವುದು ನನ್ನ ಅನ್ನ. ಜೊತೆಗೆ ನನಗೊಂದು ಚಟವಿದೆ, ಶುರು ಮಾಡುವ ಚಟ. ಹೊಲಿಗೆ ಕ್ಲಾಸು, ವೀಣೆ, ತಾರಸಿ ತೋಟ ಎಲ್ಲವನ್ನೂ ಅದ್ದೂರಿಯಾಗಿ ಶುರು ಮಾಡಿದ್ದೇನೆ. ಮುಗಿಸಿದ್ದು ಯಾವುದು ಎಂದು ಕೇಳುವವರು ನಮ್ಮ ಯಜಮಾನರೊಬ್ಬರೇ. ಹೋದ ವರ್ಷ ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ, ಅಜ್ಜಿಯ ಬದುಕನ್ನೇ ಒಂದು ಕಾದಂಬರಿ ಮಾಡಿಬಿಡೋಣ ಎಂದು ಮೊಬೈಲಿನಲ್ಲಿ ಬರೆಯತೊಡಗಿದೆ. ಪಕ್ಕದ ಸೀಟಿನ ಗೆಳತಿ, ಗಂಡನಿಗೆ ಯಾರಾದರೂ ಇಷ್ಟುದ್ದ ಮೆಸೇಜು ಹಾಕುತ್ತಾರಾ ಎಂದು ಅನುಮಾನದಿಂದ ನೋಡಿದಳು.

ಕಷ್ಟ ಶುರುವಾದದ್ದೇ ತಾಳೆ ನೋಡುವಾಗ. ಅಜ್ಜಿಯ ಪ್ರಸಿದ್ಧ ಕರಡಿ ಪ್ರಸಂಗವನ್ನೇ ತೆಗೆದುಕೊಳ್ಳಿ. ಮೊದಲ ಸಲ ಹೇಳಿದಾಗ ಮನೆಯ ಮುಂದೆ ಬಂದಿದ್ದು ಕರಡಿ. ದೀಪಾವಳಿಗೆ ಅದು ಕಾಡುಹಂದಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ಅದೇ ಪ್ರಾಣಿ ಮೀಸೆ ಬಿಟ್ಟ ಕಳ್ಳನಾಗಿತ್ತು! ಯಾವುದಾದರೂ ಒಂದು ಹೇಳಜ್ಜಿ, ಬರೆಯಬೇಕು ಎಂದೆ.

"ಕತ್ತಲಲ್ಲಿ ಬಂತು, ಕತ್ತಲಲ್ಲೇ ಹೋಯ್ತು. ಹೆಸ್ರು ಕೇಳ್ಕೊಂಡು ಕೂತ್ಕೋಬೇಕಿತ್ತಾ?" ಎಂದಳು.

ಇನ್ನೊಂದು ಸಲ ನಿಜವಾದ ಕಳ್ಳರೇ ಬಂದು ಕಾಯಿ ಕಿತ್ತರಂತೆ. ಅಜ್ಜಿ ನಮ್ಮ ಕಡೆಯ ಪೊಲೀಸರ ಹತ್ತಿರ ಹೋದರೆ, ಕಳ್ಳ ಎಲ್ಲಿ ನಿಂತಿದ್ದ ಎಂದು ಕೇಳಿದರಂತೆ. ಬೇಲಿಯಾಚೆ ಎಂದಳು. ಹಾಗಾದರೆ ಅದು ಆ ರಾಜ್ಯದ ಕಳ್ಳತನ, ಅಲ್ಲಿಗೆ ಹೋಗಮ್ಮ ಎಂದರಂತೆ. ಅಲ್ಲಿಗೆ ಹೋದರೆ ಮರದ ಬುಡ ಎಲ್ಲಿದೆ ಎಂಬ ಪ್ರಶ್ನೆ. ಬೇಲಿಯೀಚೆ. ಹಾಗಾದರೆ ಅದು ಆ ರಾಜ್ಯದ ಮಾವಿನಕಾಯಿ! ಅಜ್ಜಿ ಎರಡೂ ಸರ್ಕಾರಗಳಿಗೆ ನಮಸ್ಕಾರ ಹೇಳಿ ಬಂದು, ತಾತನ ಬಿಳಿ ಪಂಚೆ ಹೊದ್ದು, ಕೋಲು ಹಿಡಿದು, ಗಡಿಯ ಮೇಲೆಯೇ ಕೂತಳಂತೆ. ಕಳ್ಳರು ಅವಳನ್ನು ದೆವ್ವ ಎಂದುಕೊಂಡು ಓಡಿದರು. ಯಾವ ರಾಜ್ಯಕ್ಕೆ ಓಡಿದರು ಎಂದು ನಾನು ಕೇಳಲಿಲ್ಲ, ತಾಳೆ ನೋಡುವವಳಾದರೂ ನನಗೂ ಒಂದು ಮಿತಿಯಿದೆ.

ಇಷ್ಟೆಲ್ಲ ಗೊಂದಲದಲ್ಲಿ ಬದಲಾಗದೆ ಉಳಿದಿದ್ದು ಒಬ್ಬಳೇ. ಗಂಗಮ್ಮ.

ಕರಡಿ ಬರಲಿ, ಹಂದಿ ಬರಲಿ, ಅಲ್ಲಿ ಗಂಗಮ್ಮ ಇರುತ್ತಿದ್ದಳು. "ಗಂಗಮ್ಮ ನನ್ನ ಮೇಲಕ್ಕೆತ್ಕೊಂಡ್ಲು, ಬೆಳಗಾಗೋವರ್ಗೂ ಇಳಿಸಲಿಲ್ಲ" ಎನ್ನುತ್ತಿದ್ದಳು ಅಜ್ಜಿ. ಅಮ್ಮ ಹುಟ್ಟಿದ್ದು ಗಂಗಮ್ಮನ ಮಡಿಲಲ್ಲಿ. ತಾತ ಹೋದ ಮೇಲೆ ಅಜ್ಜಿ ಊಟ ಬಿಟ್ಟು ಕೂತಿದ್ದು ಗಂಗಮ್ಮನ ಪಕ್ಕದಲ್ಲಿ. ಅಜ್ಜಿ ಬೈದರೆ ಗಂಗಮ್ಮ ಎದುರಾಡುತ್ತಿರಲಿಲ್ಲ, ಅತ್ತರೆ ಸಮಾಧಾನದ ಮಾತೂ ಹೇಳುತ್ತಿರಲಿಲ್ಲ, ಸುಮ್ಮನೆ ಜೊತೆಗಿರುತ್ತಿದ್ದಳು. ಇಂಥ ಗೆಳತಿ ಯಾರಿಗುಂಟು ಹೇಳಿ? ಅಮ್ಮನನ್ನು ಕೇಳಿದರೆ, ಗಂಗಮ್ಮತ್ತೆ ಅಂತ ಯಾರೋ ಇದ್ದರಮ್ಮ, ನನಗೆ ಮುಖ ನೆನಪಿಲ್ಲ, ಅವರ ಮಡಿಲಲ್ಲಿ ಮಲಗಿಸುತ್ತಿದ್ದರಂತೆ ಎಂದಳು.

ನಾನು ಗಂಗಮ್ಮನಿಗೆ ಮನಸೋತೆ. ಕಾದಂಬರಿಯಲ್ಲಿ ಅವಳನ್ನು ಎತ್ತರದ, ಕಪ್ಪನೆಯ, ಮಾತಿಲ್ಲದ ಹೆಂಗಸಾಗಿ ಮಾಡಿದೆ. ಒಬ್ಬ ಹೆಂಗಸನ್ನು ಬೆಳಗಿನವರೆಗೆ ಎತ್ತಿ ಹಿಡಿಯಬೇಕೆಂದರೆ ತೋಳುಬಲ ಬೇಕಲ್ಲ, ಅದನ್ನೂ ಕೊಟ್ಟೆ. ಒಂದು ದುಃಖ ಬೇಕೆನ್ನಿಸಿ ಗಡಿಯಾಚೆಗೆ ಓಡಿಹೋದ ಗಂಡನನ್ನು ಕೊಟ್ಟೆ. ಅದೂ ಸಾಲದೆನ್ನಿಸಿ, ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಬರುವ ಒಬ್ಬ ಹಾಲಿನವನನ್ನು ತಂದು, ಅವನಿಗೂ ಗಂಗಮ್ಮನಿಗೂ ಒಂದು ಮೌನವಾದ ಪ್ರೇಮವನ್ನು ಹಬ್ಬಿಸಿದೆ. ಅಜ್ಜಿಯ ಮಾತಿನಲ್ಲಿ ಆಗಾಗ ಬರುತ್ತಿದ್ದ ಸುಬ್ಬಣ್ಣ ಎಂಬಾತ ಖಳನಾಯಕನಾದ. "ಸುಬ್ಬಣ್ಣನ್ನ ನಂಬ್ಕೊಂಡ್ರೆ ಆಗಲ್ಲ, ಒಂದು ವರ್ಷ ಕೊಟ್ರೆ ಇನ್ನೊಂದು ವರ್ಷ ಕೈಯೆತ್ತಿಬಿಡ್ತಾನೆ" ಎಂದು ಅಜ್ಜಿ ಹೇಳಿದ್ದಳು. ನಾನು ಅವನನ್ನು ಕುಡುಕ ಮೈದುನನನ್ನಾಗಿ ಮಾಡಿದೆ.

ಹಾಲಿನವನ ಅಧ್ಯಾಯವನ್ನು ಅಜ್ಜಿಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಳ್ಳುತ್ತಾಳೆಂದು ನಾನು ಕಾದಿದ್ದೆ. ಅವಳು ಕಣ್ಣೇನೋ ಒರೆಸಿಕೊಂಡಳು, ಆದರೆ ನಕ್ಕೂ ನಕ್ಕೂ! ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೊರಗಿ ನಕ್ಕಳು. "ಏಮೇ ಪಿಚ್ಚಿದಾನಾ, ಗಂಗಮ್ಮನಿಗೆ ಹಾಲಿನವನಾ?" ಎಂದು ಹುಚ್ಚು ಹುಡುಗಿಗೆ ತೆಲುಗಿನಲ್ಲಿ ಬೈದು ಮತ್ತೆ ನಕ್ಕಳು. ತಪ್ಪಾಯಿತಾ ಅಜ್ಜಿ ಎಂದರೆ, ಇಲ್ಲ ಇಲ್ಲ ಚೆನ್ನಾಗಿದೆ, ಇನ್ನಷ್ಟು ಬರಿ ಎಂದಳು. ಯಾಕೆ ನಕ್ಕಳೋ ನನಗೆ ಅರ್ಥವಾಗಲಿಲ್ಲ. ಗೆಳತಿಯ ಪ್ರೇಮ ಪ್ರಕರಣ ನೆನೆದು ಹಳೆಯ ಕಾಲದವರು ನಾಚಿಕೊಳ್ಳುವ ರೀತಿಯೇ ಹೀಗಿರಬೇಕು ಎಂದುಕೊಂಡೆ.

ಹೀಗಿರುವಾಗ ಈ ಆಷಾಢದಲ್ಲಿ ಒಂದು ಬೆಳಿಗ್ಗೆ, ತೋಪು ನೋಡಿಕೊಳ್ಳುವ ಮುನೆಪ್ಪನಿಂದ ಅಜ್ಜಿಗೆ ಫೋನು ಬಂತು. ಅಜ್ಜಿ ಎರಡೂ ಭಾಷೆಗಳನ್ನು ಬಿಟ್ಟು ಸುಮ್ಮನೆ ಕೇಳಿಸಿಕೊಂಡಳು. ಫೋನಿಟ್ಟವಳು ಮುಂದಿದ್ದ ತಟ್ಟೆಯನ್ನು ದೂರ ತಳ್ಳಿದಳು.

"ಗಂಗಮ್ಮ ಬಿದ್ದುಬಿಟ್ಟಳಂತೆ ಕಣೇ. ನಾನು ಹೋಗ್ಬೇಕು. ಇವತ್ತೇ ಹೋಗ್ಬೇಕು. ತಡ ಮಾಡಿದ್ರೆ ಸಿಗಲ್ಲ ಅವಳು."

ಗಂಗಮ್ಮ ಇನ್ನೂ ಬದುಕಿದ್ದಾಳೆಯೇ! ನನಗೆ ಮೈ ಜುಮ್ಮೆಂದಿತು. ಮುಂದಿನ ಅಧ್ಯಾಯದಲ್ಲಿ ಅವಳನ್ನು ಸಾಯಿಸುವುದೆಂದು ನಾನು ತೀರ್ಮಾನಿಸಿ ಆಗಿತ್ತು. ಆ ಪಾಪವನ್ನಾದರೂ ಕಳೆದುಕೊಳ್ಳೋಣ ಎಂದು ಫ್ಯಾಕ್ಟರಿಗೆ ರಜೆ ಹಾಕಿದೆ. ಅಜ್ಜಿ ಸ್ನಾನಕ್ಕೆ ಹೋದಾಗ ನಮ್ಮ ಯಜಮಾನರು ಯಾವ ಗಂಗಮ್ಮ, ಎಲ್ಲಿರುವುದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಉತ್ಸಾಹಿ ಮನುಷ್ಯ, ನಾಲ್ಕು ಕಡೆ ಫೋನು ಮಾಡಿ ಬೀಗುತ್ತಾ ಬಂದರು. ಶಿವಾರಪಟ್ಟಣದಲ್ಲಿರುವ ಅವರ ದೊಡ್ಡಮ್ಮನ ಹೆಸರು ಗಂಗಮ್ಮ, ಮೊನ್ನೆ ತಾನೇ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ! ನಮ್ಮ ಮದುವೆಯಲ್ಲಿ ಅಜ್ಜಿಯೂ ಅವರೂ ಒಂದೇ ಜಮಖಾನದ ಮೇಲೆ ಕೂತಿದ್ದ ಫೋಟೋ ಬೇರೆ ಇದೆ. ಇದಕ್ಕಿಂತ ಪುರಾವೆ ಬೇಕೇ?

ಕಾರು ಹೊರಟಿದ್ದೇ ತಡ ಅಜ್ಜಿ ನಿದ್ದೆ ಹೋದಳು. ಅವಳ ಪದ್ಧತಿಯೇ ಅದು, ಚಕ್ರ ತಿರುಗಿದರೆ ಕಣ್ಣು ಮುಚ್ಚುತ್ತದೆ. ಮಾಲೂರು ದಾರಿ ಹಿಡಿದು ಶಿಲ್ಪಿಗಳ ಊರು ಶಿವಾರಪಟ್ಟಣ ಸೇರಿದಾಗ ಉಳಿಯ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಬೀದಿಯ ಎರಡೂ ಬದಿಗೆ ಅರ್ಧ ಕೆತ್ತಿದ ದೇವರುಗಳು ನಿಂತಿದ್ದರು. ಅಜ್ಜಿ ಮೂಗು ಬಂದಿರದ ಒಬ್ಬ ಹನುಮಂತನಿಗೆ ಕೈ ಮುಗಿದು ಒಳಗೆ ಬಂದಳು. ದೊಡ್ಡಮ್ಮನ ಕೈಯ ಕಟ್ಟು ನೋಡಿ ಲೊಚಗುಟ್ಟಿದಳು, ಪಕ್ಕದಲ್ಲಿ ಕೂತು ಅವರ ಸೊಸೆಯ ಬಗ್ಗೆ ಕೇಳಿಸಿಕೊಂಡಳು, ಉಪ್ಪಿಟ್ಟು ತಿಂದಳು. ಹೊರಡುವಾಗ ದೊಡ್ಡಮ್ಮ ಒಂದು ಪ್ಲಾಸ್ಟಿಕ್ ಕವರಿನ ತುಂಬ ಹುರಿಗಾಳು ಕೊಟ್ಟರು. ಎಷ್ಟು ಚೆನ್ನಾಗಿ ನಡೆಯಿತು ಎಂದು ನಮ್ಮ ಯಜಮಾನರು ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು.

"ಪಾಪ, ಒಳ್ಳೆ ಹೆಂಗಸು" ಎಂದಳು ಅಜ್ಜಿ ಕಾರಿನಲ್ಲಿ. "ನಿಮ್ ಕೆಲ್ಸ ಆಯ್ತಲ್ಲ. ಈಗ ಗಂಗಮ್ಮನ ಹತ್ರ ಹೋಗೋಣ."

ಹುಬ್ಬುಗಳು ಇಳಿದವು. ಯಾವ ಗಂಗಮ್ಮ ಎಂದು ಕೇಳುವಷ್ಟರಲ್ಲಿ ಚಕ್ರ ತಿರುಗಿ ಅವಳ ಕಣ್ಣು ಮುಚ್ಚಿಯಾಗಿತ್ತು. ನಾನು ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಬಹಳ ಯೋಚಿಸಿ, ಮುಳಬಾಗಿಲಿನಲ್ಲಿ ಅಜ್ಜಿಗೆ ದೂರದ ನಾದಿನಿಯೊಬ್ಬಳಿದ್ದಳು, ಅವಳೂ ಗಂಗಮ್ಮನೇ, ಬಹುಶಃ ಅವಳೇ ತೋಪಿನಲ್ಲಿ ಜೊತೆಗಿದ್ದಿರಬೇಕು ಎಂದಳು. ಬಂದ ದಾರಿಯಲ್ಲೇ ವಾಪಸು ಹೋಗಿ, ಕೋಲಾರ ದಾಟಿ, ಮುಳಬಾಗಿಲು ಸೇರಿದೆವು. ಅಜ್ಜಿ ಮಲಗಿದ್ದಳು. ಮನೆ ಹುಡುಕಿಕೊಂಡು ನಾನೊಬ್ಬಳೇ ಒಳಗೆ ಹೋದೆ. ಗೋಡೆಯ ಮೇಲೆ ಗಂಗಮ್ಮನವರ ಪಟ, ಪಟಕ್ಕೆ ಮಾಸಿದ ಹಾರ!

ಕಾಲೆಳೆಯುತ್ತಾ ಕಾರಿಗೆ ಬಂದೆ. ಹೇಗೆ ಹೇಳುವುದು? ಬೆಳಿಗ್ಗೆ ತಟ್ಟೆ ತಳ್ಳಿ, ಇವತ್ತೇ ಹೋಗಬೇಕು ಎಂದು ಹೊರಟವಳಿಗೆ? ಅಜ್ಜಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡೆ. ಗಂಗಮ್ಮ ಇನ್ನಿಲ್ಲ ಅಜ್ಜಿ ಎಂದು ಹೇಳಿ, ಅವಳಿಗಿಂತ ಮೊದಲು ನಾನೇ ಅತ್ತೆ.

"ಯಾರು, ಈ ಮುಳಬಾಗ್ಲು ಗಂಗಮ್ಮನಾ?" ಎಂದಳು ಅಜ್ಜಿ. "ಅವಳು ಸತ್ತು ಎಷ್ಟ್ ಕಾಲ ಆಯ್ತು. ತಿಥಿ ಊಟಕ್ಕೆ ಬಂದಿದ್ನಲ್ಲ, ವಡೆ ಹಸಿಬಿಸಿ ಮಾಡಿದ್ರು. ನೀನ್ಯಾಕೆ ಅಳ್ತೀಯ?"

ನನಗೆ ರೇಗಿತು. ಬೆಳಿಗ್ಗೆಯಿಂದ ಅರ್ಧ ಜಿಲ್ಲೆ ಸುತ್ತಿದ್ದೇವೆ, ಹಾಗಾದರೆ ನಿನ್ನ ಗಂಗಮ್ಮ ಇರುವುದಾದರೂ ಎಲ್ಲಿ ಎಂದು ಕೇಳಿದೆ.

"ಎಲ್ಲಿರ್ತಾಳೆ? ತೋಪಲ್ಲಿ. ಬಾವಿ ಪಕ್ಕ."

"ಬಾವಿ ಪಕ್ಕ ಅವಳ ಮನೆ ಇದೆಯಾ?"

"ಮಾವಿನ ಮರಕ್ಕೆ ಮನೆ ಯಾಕಮ್ಮ?" ಎಂದಳು ಅಜ್ಜಿ.

ಆಗತಾನೇ ಹೊರಟಿದ್ದ ಕಾರು ನಿಂತಿತು. ನಮ್ಮ ಯಜಮಾನರು ಸ್ಟೇರಿಂಗಿನ ಮೇಲೆ ಹಣೆಯಿಟ್ಟರು.

ಆಮೇಲೆ ರಾಯಲ್ಪಾಡಿನ ದಾರಿಯುದ್ದಕ್ಕೂ ನಾನು ವಿಚಾರಣೆ ನಡೆಸಿದೆ. ಆ ಕಡೆಯ ತೋಪುಗಳಲ್ಲಿ ಮರಗಳಿಗೆ ಹೆಸರಿಡುತ್ತಾರಂತೆ. ನೆಟ್ಟವರ ಹೆಸರು, ಇಲ್ಲವೇ ನೆಟ್ಟ ವರ್ಷ ಮನೆಯಲ್ಲಿ ಹುಟ್ಟಿದವರ ಹೆಸರು. ಇಲ್ಲದಿದ್ದರೆ ಯಾವ ಮರಕ್ಕೆ ನೀರು ಕಟ್ಟಬೇಕು, ಯಾವ ಮರದ ಕಾಯಿ ಇಳಿಸಬೇಕು ಎಂದು ಹೇಳುವುದು ಹೇಗೆ ಎಂದಳು ಅಜ್ಜಿ. ಗಂಗಮ್ಮ ಎಂಬ ನಮ್ಮ ಮುತ್ತಜ್ಜಿ ನೆಟ್ಟ ಮರ ಗಂಗಮ್ಮ. ಅಜ್ಜಿ ಆ ರಾತ್ರಿ ಹತ್ತಿ ಕೂತಿದ್ದು ಅವಳ ಕೊಂಬೆಯ ಮೇಲೆ. ಅಮ್ಮ ಹುಟ್ಟಿದ್ದು ಅವಳ ನೆರಳಿನಲ್ಲಿ. ಮತ್ತೆ ಸುಬ್ಬಣ್ಣ? ಅವನೂ ಮಾವಿನ ಮರವೇ, ವರ್ಷ ಬಿಟ್ಟು ವರ್ಷ ಕಾಯಿ ಬಿಡುವವನು. ನಾನು ಅವನ ಬಾಯಿಗೆ ಹೆಂಡ ಸುರಿದಿದ್ದೆನಲ್ಲ! ಒಂದೊಂದೇ ಹೆಸರು ಕೇಳುತ್ತಾ ಹೋದೆ, ನನ್ನ ಕಾದಂಬರಿಯ ಪಾತ್ರಗಳು ಒಬ್ಬೊಬ್ಬರಾಗಿ ಬೇರು ಬಿಟ್ಟು ನಿಂತುಕೊಂಡರು. ಕೊನೆಗೆ, ಕರಡಿಯಾದರೂ ಕರಡಿಯೇನಾ ಅಜ್ಜಿ ಎಂದು ದೀನಳಾಗಿ ಕೇಳಿದೆ.

"ಅದ್ ಮಾತ್ರ ಗೊತ್ತಿಲ್ಲಮ್ಮ. ಕತ್ತಲಿತ್ತು."

ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲ ಎಂದಳು. ಹಾಲಿನವನನ್ನು ತಂದಾಗ ಮಾತ್ರ ಅವಳಿಗೆ ಸ್ವಲ್ಪ ಅನುಮಾನ ಬಂದಿತ್ತಂತೆ. ಆದರೆ ಕಾದಂಬರಿ ಬರೆಯುವವರು ಏನೇನೋ ಮಾಡುತ್ತಾರೆ, ಇದೂ ಒಂದಿರಬೇಕು ಎಂದು ಸುಮ್ಮನಾದಳಂತೆ.

ತಮಾಷೆಯಲ್ಲಿ ನಾನೊಂದು ಮರೆತಿದ್ದೆ. ಅಜ್ಜಿಗೆ ಅಷ್ಟು ಅವಸರ ಯಾಕೆ? ಬಿದ್ದ ಮರ ಓಡಿಹೋಗುವುದಿಲ್ಲವಲ್ಲ? ಅಜ್ಜಿ ಕಿಟಕಿಯಾಚೆ ನೋಡುತ್ತಾ ಹೇಳಿದಳು. ಮರ ಬಿದ್ದರೂ ಕಡ್ಡಿಯಲ್ಲಿ ಸ್ವಲ್ಪ ಹೊತ್ತು ಜೀವ ಇರುತ್ತದೆ. ಅಷ್ಟರೊಳಗೆ ಕೊಯ್ದು ಬೇರೆ ಮರಕ್ಕೆ ಕಸಿ ಕಟ್ಟಿದರೆ ಅವಳು ಉಳಿಯುತ್ತಾಳೆ. ಕಡ್ಡಿ ಒಣಗಿತೋ, ಹೋದಳು. ಆ ತರಹದ ಹಣ್ಣು ಬಿಡುವ ಮರ ಆ ಸುತ್ತಿನಲ್ಲಿ ಇನ್ನೊಂದಿಲ್ಲ. ಇದನ್ನು ಕೇಳಿದ್ದೇ ನಮ್ಮ ಯಜಮಾನರು ಕಾರನ್ನು ಓಡಿಸಿದ ರೀತಿಗೆ ಹುರಿಗಾಳೆಲ್ಲ ಸೀಟಿನ ತುಂಬ ಚೆಲ್ಲಿತು.

ತೋಪು ತಲುಪಿದಾಗ ಬಿಸಿಲು ಇಳಿದಿತ್ತು, ಗಾಳಿ ಇನ್ನೂ ಬೀಸುತ್ತಿತ್ತು. ಬಾವಿಯ ಪಕ್ಕ ಗಂಗಮ್ಮ ಬಿದ್ದಿದ್ದಳು. ಎಷ್ಟು ದೊಡ್ಡ ಮರ ಅದು! ಬುಡದ ಬೇರುಗಳು ಮೇಲೆದ್ದು ನಿಂತಿದ್ದವು, ತುದಿ ಬೇಲಿ ದಾಟಿ ಆಂಧ್ರದಲ್ಲಿತ್ತು. ಎಲೆಗಳು ಜೋತಿದ್ದವು, ಆದರೆ ಹಸಿರಾಗಿದ್ದವು. ಅಜ್ಜಿ ನನ್ನ ಕೈ ಬಿಡಿಸಿಕೊಂಡು ಹೋಗಿ ಕಾಂಡದ ಪಕ್ಕ ಕೂತಳು. ಆ ಕಾಂಡದ ಒಂದು ಕಡೆ, ಬೆನ್ನು ಒರಗಿಸುವ ಎತ್ತರದಲ್ಲಿ, ತೊಗಟೆ ನುಣ್ಣಗೆ ಸವೆದಿತ್ತು. ನಾನು ಅದರ ಮೇಲೆ ಕೈಯಾಡಿಸಿದೆ. ಇಷ್ಟು ಹೊತ್ತು ಮರ ಎಂದು ನಕ್ಕಿದ್ದೆನಲ್ಲ, ಈಗ ಮತ್ತೆ ಗೊಂದಲವಾಯಿತು.

ಅಜ್ಜಿ ಮುನೆಪ್ಪನ ಹತ್ತಿರ ಚಾಕು ಇಸಿದುಕೊಂಡು ಕಡ್ಡಿಗಳನ್ನು ಆರಿಸಿದಳು. ಕೆಲವು ಒಣಗಿದ್ದವು, ಕೆಲವನ್ನು ಉಗುರಿನಿಂದ ಗೀರಿ ನೋಡಿ ಮಡಿಲಿಗೆ ಹಾಕಿಕೊಂಡಳು. ಮುನೆಪ್ಪ ಚೆನ್ನಾಗಿ ಕಾಯಿ ಬಿಡುವ ಎರಡು ಮೂರು ಮರ ತೋರಿಸಿದ. ಅಜ್ಜಿ ಅವನ್ನೆಲ್ಲ ದಾಟಿ ಮೂಲೆಯ ಒಂದು ಮರದ ಮುಂದೆ ನಿಂತಳು.

"ಇದ್ ಬೇಡವ್ವ" ಎಂದ ಮುನೆಪ್ಪ. "ಹೂ ಬಿಡೋದೇ ಬಿಡೋದು, ಒಂದೂ ಕಾಯಿ ಕಚ್ಚಲ್ಲ. ಕಡಿಯೋಣ ಅಂದ್ರೆ ನೀನ್ ಬಿಡಲ್ಲ."

ಯಾರ ಹೆಸರಪ್ಪ ಇದಕ್ಕೆ ಎಂದು ಕೇಳಿದೆ. ಮುನೆಪ್ಪ ನೆಲ ನೋಡಿದ. ಅಜ್ಜಿ ನಿಧಾನವಾಗಿ ನನ್ನ ಹೆಸರು ಹೇಳಿದಳು. ನಮ್ಮ ಯಜಮಾನರು ಬಾವಿಯ ಕಡೆ ತಿರುಗಿಕೊಂಡರು, ಅವರ ಭುಜಗಳು ಕುಣಿಯುತ್ತಿದ್ದವು. ಹೊಲಿಗೆ ಕ್ಲಾಸು, ವೀಣೆ, ತಾರಸಿ ತೋಟ ಎಲ್ಲವನ್ನೂ ಅವರು ಒಂದೇ ಸಲಕ್ಕೆ ನೆನೆಸಿಕೊಂಡಿರಬೇಕು.

"ನೀನ್ ಹುಟ್ಟಿದ ವರ್ಷ ನೆಟ್ಟಿದ್ದು" ಎಂದಳು ಅಜ್ಜಿ. "ನಗೋರು ನಗ್ಲಿ. ಎಂಥಾ ಹೂವು ಬಿಡ್ತಾಳೆ ಗೊತ್ತಾ ಇವಳು."

ಅಜ್ಜಿ ತೊಗಟೆ ಸೀಳಿ ಕಡ್ಡಿ ಕೂರಿಸಿದಳು, ಕಟ್ಟುವ ಕೆಲಸ ನನಗೆ ಬಂತು. ಕಟ್ಟಲು ಪಟ್ಟಿ ಬೇಕಲ್ಲ? ಶಿವಾರಪಟ್ಟಣದ ದೊಡ್ಡಮ್ಮ ಕೊಟ್ಟ ಕವರನ್ನೇ ಉದ್ದುದ್ದ ಹರಿದೆವು. ಆ ಸುತ್ತಾಟದಿಂದ ಇಷ್ಟಾದರೂ ಉಪಯೋಗವಾಯಿತು. ಬಿಗಿಯಾಗಿ, ಆದರೆ ನೋಯದ ಹಾಗೆ ಕಟ್ಟು ಎಂದು ಅಜ್ಜಿ ಹೇಳುತ್ತಿದ್ದಳು. ಯಾರಿಗೆ ನೋಯದ ಹಾಗೆ ಎಂದು ಕೇಳಲಿಲ್ಲ. ಒಳ್ಳೆಯ ಮರಗಳಿದ್ದಾಗ ಇದೇ ಯಾಕಜ್ಜಿ ಎಂದು ಮಾತ್ರ ಕೇಳಿದೆ.

"ಅವಕ್ಕೆಲ್ಲ ಅವರವರ ಕಾಯಿ ಹೊರೋದೇ ಸಾಕಾಗಿದೆ. ಇವಳಿಗೆ ಪುರುಸೊತ್ತಿದೆ" ಎಂದಳು. ಆಮೇಲೆ ಕಡ್ಡಿಯ ಮೇಲೆ ಕೈಯಿಟ್ಟು, "ನಾನು ಹೋದ್ಮೇಲೆ ಗಂಗಮ್ಮ ನಿನ್ನ ಹತ್ರಾನೇ ಇರ್ಲಿ" ಎಂದಳು.

ನಾನು ತಲೆ ಬಗ್ಗಿಸಿ ಇನ್ನೊಂದು ಗಂಟು ಹಾಕಿದೆ. ಕಣ್ಣು ಮಂಜಾಗಿ ಆ ಗಂಟು ಸರಿಯಾಗಿ ಬೀಳಲಿಲ್ಲ, ಬಿಚ್ಚಿ ಮತ್ತೆ ಹಾಕಿದೆ. ಆಷಾಢದ ಗಾಳಿಗೆ ಈ ಕಡ್ಡಿ ಹಿಡಿಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊರಡುವಾಗ ಅಜ್ಜಿ ಮತ್ತೆ ಹೋಗಿ ಆ ಸವೆದ ಜಾಗದ ಹತ್ತಿರ ಕೂತಳು. ಎಬ್ಬಿಸಲು ಹೋದವಳು ನಾನೂ ಪಕ್ಕದಲ್ಲಿ ಕೂತೆ. ಕಾದಂಬರಿಯನ್ನು ಮೊದಲಿನಿಂದ ಬರೆಯುತ್ತೇನೆ ಅಜ್ಜಿ, ಈ ಸಲ ಮುಗಿಸುತ್ತೇನೆ, ಆ ಹಾಲಿನವನನ್ನು ಮೊದಲು ತೆಗೆದುಹಾಕುತ್ತೇನೆ ಎಂದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

"ಅವನನ್ನ ತೆಗೀಬೇಡ ಕಣೇ, ಇರ್ಲಿ" ಎಂದಳು ಅಜ್ಜಿ. "ನಿಮ್ ತಾತ ಹೋದಾಗಿಂದ ನಾನು ಎಲ್ಲಾನೂ ಇವಳ ಹತ್ರಾನೇ ಹೇಳ್ಕೊಂಡೆ. ಇವಳು ಯಾರ ಹತ್ರ ಹೇಳ್ಕೊಂಡ್ಲೋ, ಪಾಪ."